ಕೇಳಿ ಹೇಳುವ ಮೊದಲು



"ಒಂದ್ನಿಮಿಷ ಇರ್ರಿ, ಸಾವ್ಕಾರ್ರನ್ನ ಕೇಳಿ ಹೇಳ್ತೀನಿ."

ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಬಿದ್ದಿರಬಹುದು. ಹರಿಹರದ ಲೇತ್ ವರ್ಕ್‌ಶಾಪಿನಲ್ಲಿ ಬಿದ್ದಿರಬಹುದು. ನಾನು ವಾಸವಿರುವ ನಿಜಲಿಂಗಪ್ಪ ಬಡಾವಣೆಯಲ್ಲೂ ಅಂಗಡಿ, ದವಾಖಾನೆ, ಕಚೇರಿಗಳ ಕೌಂಟರಿನಾಚೆಯಿಂದ ಇದು ದಿನವೂ ಕೇಳಿಬರುತ್ತದೆ. ಹೀಗೆ ಹೇಳುವವರು ನಿನ್ನೆ ಸೇರಿದ ಹುಡುಗರಲ್ಲ. ಹತ್ತು ಹದಿನೈದು ವರ್ಷ ಅಲ್ಲೇ ದುಡಿದವರು. ಸರಕು ಬಲ್ಲವರು. ಗಿರಾಕಿಯ ಮುಖ ನೋಡಿಯೇ ಮನಸ್ಸು ತಿಳಿಯುವವರು. ಅವರ ಹುದ್ದೆಗೆ ಮ್ಯಾನೇಜರ್ ಎಂದು ಹೆಸರು. ಆದರೂ ಇನ್ನೂರು ರೂಪಾಯಿಯ ವ್ಯತ್ಯಾಸ ಬಂದರೆ ಸಾಕು, ಮೊಬೈಲ್ ಕಿವಿಗೆ ಹೋಗುತ್ತದೆ.

ಇವತ್ತಿನ ನನ್ನ ಮಾತೆಲ್ಲ ಈ ಒಂದು ವಿಷಯದ ಸುತ್ತ. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ನಮ್ಮ ಮ್ಯಾನೇಜರುಗಳು, ಮೇಲ್ವಿಚಾರಕರು ತಾವಾಗಿಯೇ ತೀರ್ಮಾನ ಮಾಡುವುದನ್ನು ಕಲಿಯಬೇಕು. ಮಾಲೀಕರು ಅದನ್ನು ಕಲಿಸಬೇಕು. ಅದು ಹೇಗೆ? ಇದು ದೊಡ್ಡ ಕಂಪನಿಗಳಿಗಷ್ಟೇ ಸೇರಿದ ಮಾತೆಂದು ದಯವಿಟ್ಟು ತಿಳಿಯಬೇಡಿ. ನಿಮ್ಮಲ್ಲಿ ಇಬ್ಬರು ಕೆಲಸದವರಿದ್ದರೂ ಇದು ನಿಮಗೆ ಸೇರಿದ್ದು. ನೀವೇ ಒಬ್ಬ ಸಾಹುಕಾರರ ಕೈಕೆಳಗೆ ಇದ್ದರೂ ಇದು ನಿಮಗೆ ಸೇರಿದ್ದೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಮೊಬೈಲ್ ಇಲ್ಲದಾಗ ಕೆಲಸ ಹೇಗೆ ನಡೆಯುತ್ತಿತ್ತು?

ಹರಿಹರದ ಹರಿಹರೇಶ್ವರ ದೇವಾಲಯವನ್ನು ನೀವು ನೋಡಿದ್ದೀರಿ. 1224ರ ಸುಮಾರಿಗೆ ಅದನ್ನು ಕಟ್ಟಿಸಿದವನು ಪೋಲಾಳ್ವ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ. ದೊರೆಯ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು. ಹರಿಹರದಿಂದ ನೂರೈವತ್ತು ಕಿಲೋಮೀಟರಿಗೂ ದೂರ. ಕುದುರೆಯ ಮೇಲೆ ಓಲೆ ಹೋಗಿ ಉತ್ತರ ಬರಲು ದಿನಗಳೇ ಬೇಕು. ಕಂಬದ ಕಲ್ಲು ಯಾವ ಗಣಿಯದು, ಕೂಲಿ ಎಷ್ಟು, ಹೊಳೆಯ ನೆರೆ ಬಂದರೆ ಏನು ಮಾಡುವುದು ಎಂದು ಪ್ರತಿದಿನ ದೊರೆಯನ್ನು ಕೇಳುತ್ತ ಕೂರಲು ಆಗುತ್ತಿತ್ತೇ? ಆಗುತ್ತಿರಲಿಲ್ಲ. ಸ್ಥಳದಲ್ಲಿದ್ದವರೇ ತೀರ್ಮಾನ ಮಾಡಬೇಕಿತ್ತು.

ಈಗ ನಮ್ಮ ಹಿರಿಯರ ಕಾಲಕ್ಕೆ ಬರೋಣ. 1941ರಲ್ಲಿ ಅದೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೆ ಹೋದವು. ಇತ್ತ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಈ ಊರಿಗೆ ಆ ಗಿರಣಿಗಳಿಂದಲೇ ಬಂತು. ಆಗ ದೂರದ ಊರಿಗೆ ಮಾತನಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಗಂಟೆಗಟ್ಟಲೆ ಕಾಯಬೇಕಿತ್ತು. ಇಲ್ಲವೇ ತಂತಿ ಕೊಡಬೇಕಿತ್ತು. ತಂತಿಗೆ ಪದಗಳ ಲೆಕ್ಕದಲ್ಲಿ ಹಣ. ರಾತ್ರಿ ಪಾಳಿಯಲ್ಲಿ ಯಂತ್ರ ಕೆಟ್ಟರೆ ಪಾಳಿಯ ಮೇಲ್ವಿಚಾರಕನೇ ಯೋಚಿಸಬೇಕಿತ್ತು. ನಿಲ್ಲಿಸುವುದೋ, ರಿಪೇರಿ ಮಾಡಿಸುವುದೋ, ಕೆಲಸಗಾರರನ್ನು ಬೇರೆ ವಿಭಾಗಕ್ಕೆ ಕಳಿಸುವುದೋ ಅವನಿಗೇ ಬಿಟ್ಟದ್ದು. ಬೆಳಿಗ್ಗೆ ದೊಡ್ಡವರು ಬಂದಾಗ ವಿವರ ಒಪ್ಪಿಸುತ್ತಿದ್ದ.

ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗ ಎಷ್ಟೋ ತಪ್ಪು ನಡೆದಿರುತ್ತದೆ. ತಡವಾಗಿ ತಿಳಿದು ನಷ್ಟವಾಗಿರುತ್ತದೆ. ನಾನು ಹೇಳುವುದು ಇಷ್ಟೇ: ಆಗ ಕೇಳುವುದಕ್ಕೆ ಒಂದು ಬೆಲೆ ಇತ್ತು. ಹಣ ಖರ್ಚಾಗುತ್ತಿತ್ತು, ಹೊತ್ತು ಖರ್ಚಾಗುತ್ತಿತ್ತು. ಆದ್ದರಿಂದ ನಿಜವಾಗಿ ದೊಡ್ಡ ಪ್ರಶ್ನೆ ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಸಣ್ಣದೆಲ್ಲ ಸ್ಥಳದಲ್ಲೇ ಮುಗಿಯುತ್ತಿತ್ತು.

ಮೊಬೈಲ್ ಬಂದ ಮೇಲೂ ಕೆಲವು ವರ್ಷ ಹಾಗೇ ಇತ್ತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗ ಒಂದು ನಿಮಿಷದ ಮಾತಿಗೆ ಸುಮಾರು 16 ರೂಪಾಯಿವರೆಗೂ ಕೊಡಬೇಕಿತ್ತು. ಬಂದ ಕರೆಗೂ ಹಣ ತೆರಬೇಕಿತ್ತು. ಬರುವ ಕರೆ 2003ರಲ್ಲಿ ಉಚಿತವಾಯಿತು. ಆಮೇಲೆ ವಾಟ್ಸಾಪ್ ಬಂತು. 2016ರಿಂದ ಡೇಟಾ ಕೂಡ ಬಹಳ ಅಗ್ಗವಾಯಿತು. ಈಗ ದೇಶದಲ್ಲಿ ಮೊಬೈಲ್ ಸಂಪರ್ಕಗಳು 100 ಕೋಟಿ ದಾಟಿವೆ. ಒಂದು ಪ್ರಶ್ನೆ ಕೇಳಲು ಈಗ ಒಂದು ಪೈಸೆಯ ಖರ್ಚೂ ಇಲ್ಲ.

ಖರ್ಚಿಲ್ಲ ಎಂದು ನಮಗೆ ಕಾಣುತ್ತದೆ. ಆದರೆ ಆ ಬೆಲೆಯನ್ನು ಬೇರೆಯವರು ತೆರುತ್ತಿದ್ದಾರೆ. ಯಾರು ತೆರುತ್ತಿದ್ದಾರೆ ಎಂಬುದನ್ನು ಈಗ ನೋಡೋಣ.

ಮೊದಲನೆಯವರು ಗಿರಾಕಿಗಳು. ಅವರು ಕಾಯುತ್ತಾರೆ. ಸಾಹುಕಾರರು ಮದುವೆ ಮನೆಯಲ್ಲಿದ್ದಾರೆ, ಕರೆ ತೆಗೆಯುತ್ತಿಲ್ಲ. ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಎರಡನೆಯವರು ಸ್ವತಃ ಮಾಲೀಕರು. ದಿನಕ್ಕೆ ಹತ್ತಾರು ಕರೆ. ಊಟದಲ್ಲಿ, ಪೂಜೆಯಲ್ಲಿ, ಗಾಡಿ ಓಡಿಸುವಾಗ. ಮುಂದಿನ ವರ್ಷದ ವ್ಯಾಪಾರದ ಬಗ್ಗೆ ಕೂತು ಯೋಚಿಸಬೇಕಾದವರು ಇವತ್ತಿನ ಸುತಳಿ ಉಂಡೆಯ ಬಗ್ಗೆ ಉತ್ತರ ಹೇಳುತ್ತಿರುತ್ತಾರೆ.

ಮೂರನೆಯವರು ಮ್ಯಾನೇಜರುಗಳು. ಅವರು ತೆರುವುದೇ ಎಲ್ಲಕ್ಕಿಂತ ಹೆಚ್ಚು. ಭದ್ರಾ ನಾಲೆಯ ಕೆಳಗಿನ ನಮ್ಮ ಭತ್ತದ ರೈತರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸಸಿಮಡಿಯಲ್ಲಿ ಸಸಿಯನ್ನು ಮೂರು ನಾಲ್ಕು ವಾರ ಇಡಬಹುದು. ಅದಕ್ಕೂ ಹೆಚ್ಚು ಇಟ್ಟರೆ ಸಸಿ ಬಲಿಯುತ್ತದೆ. ಆಮೇಲೆ ನಾಟಿ ಮಾಡಿದರೂ ತೆಂಡೆ ಕಡಿಮೆ ಒಡೆಯುತ್ತದೆ. ಮನುಷ್ಯರದೂ ಹಾಗೇ. ಹದಿನೈದು ವರ್ಷ ಪ್ರತಿಯೊಂದಕ್ಕೂ ಅಪ್ಪಣೆ ಕೇಳಿ ನಡೆದವರಿಗೆ, ಹದಿನಾರನೆಯ ವರ್ಷ ಇದ್ದಕ್ಕಿದ್ದಂತೆ "ನೀನೇ ನೋಡ್ಕೋ" ಎಂದರೆ ಕೈ ನಡುಗುತ್ತದೆ. ತಪ್ಪು ಅವರದಲ್ಲ. ನಾಟಿ ಮಾಡುವ ಹೊತ್ತಿನಲ್ಲಿ ಯಾರೂ ನಾಟಿ ಮಾಡಲಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಹಿಂದೆ ಕೇಳುವುದು ದುಬಾರಿಯಾಗಿತ್ತು, ಸ್ಥಳದಲ್ಲೇ ತೀರ್ಮಾನ ಆಗುತ್ತಿತ್ತು. ಈಗ ಕೇಳುವುದು ಅಗ್ಗ, ತೀರ್ಮಾನವೆಲ್ಲ ಮೇಲಕ್ಕೆ ಹೋಗಿದೆ. ಅದರ ಬೆಲೆಯನ್ನು ಗಿರಾಕಿ, ಮಾಲೀಕರು, ಮ್ಯಾನೇಜರ್ ಮೂವರೂ ತೆರುತ್ತಿದ್ದಾರೆ.

ಇನ್ನು ಮುಂದಿನ ಪ್ರಶ್ನೆ. ತೀರ್ಮಾನ ಸ್ಥಳದಲ್ಲೇ ಏಕೆ ಆಗಬೇಕು? ಮಾಲೀಕರಿಗೆ ಅನುಭವ ಹೆಚ್ಚಲ್ಲವೇ?

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಮೆಕ್ಕೆಜೋಳದ ಸುಗ್ಗಿ. ನಮ್ಮ ಜಿಲ್ಲೆಯ ದೊಡ್ಡ ಬೆಳೆ ಅದು. ಗೋದಾಮಿನ ಮುಂದೆ ಲೋಡು ಬಂದು ನಿಂತಿದೆ. ಆಕಾಶದಲ್ಲಿ ಮೋಡ ಕಟ್ಟಿದೆ. ಕಾಳಿನ ತೇವಾಂಶ ಶೇಕಡಾ 14ರ ಒಳಗಿರಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಟ್ಟ. ಮೀಟರು 15 ತೋರಿಸುತ್ತಿದೆ. ಇಳಿಸಿಕೊಳ್ಳಬೇಕೇ? ಒಣಗಿಸಲು ಹರಡಬೇಕೇ? ದರ ಕಡಿಮೆ ಮಾಡಿ ಕೊಳ್ಳಬೇಕೇ? ವಾಪಸು ಕಳಿಸಬೇಕೇ? ಗೋದಾಮಿನ ಮ್ಯಾನೇಜರ್ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಬಲ್ಲರು. ಮುಗ್ಗಲು ವಾಸನೆ ಇದೆಯೇ ಎಂದು ಮೂಸಿ ನೋಡಬಲ್ಲರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಟಾರ್ಪಾಲು ಎಷ್ಟಿದೆ, ಹಮಾಲರು ಎಷ್ಟು ಜನ ಇದ್ದಾರೆ ಎಂಬುದೂ ಅವರಿಗೆ ಗೊತ್ತು. ಫೋನಿನ ಆ ತುದಿಯಲ್ಲಿರುವ ಮಾಲೀಕರಿಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಅವರಿಗೆ ಸಿಗುವುದು ಎರಡು ವಾಕ್ಯ. ಅವರ ಅನುಭವ ಎಷ್ಟೇ ದೊಡ್ಡದಿರಲಿ, ಅದು ಆ ಎರಡು ವಾಕ್ಯದ ಮೇಲೆ ಕೆಲಸ ಮಾಡಬೇಕು.

ಈಗ ಸಿಸಿಟಿವಿ ಇದೆ, ಮೊಬೈಲಿನಲ್ಲೇ ಅಂಗಡಿ ಕಾಣುತ್ತದೆ ಎಂದು ನೀವು ಹೇಳಬಹುದು. ಕಾಣುತ್ತದೆ, ನಿಜ. ಕೆಲವರು ಧರ್ಮಸ್ಥಳದ ಸರತಿ ಸಾಲಿನಲ್ಲಿ ನಿಂತೂ ಅಂಗಡಿ ನೋಡುತ್ತಾರೆ. ಅಲ್ಲಿಂದಲೇ ಕರೆ ಮಾಡಿ, ಆ ಹೆಣ್ಣುಮಗಳಿಗೆ ಹಸಿರು ಸೀರೆ ತೋರಿಸು ಎನ್ನುತ್ತಾರೆ. ಕ್ಯಾಮೆರಾ ಚಿತ್ರವನ್ನು ಮಾತ್ರ ಕಳಿಸುತ್ತದೆ. ಆ ತಾಯಿ ಮಗಳ ಮದುವೆಗೆ ಬಂದಿದ್ದಾರೋ, ಕೈಯಲ್ಲಿ ಎಷ್ಟು ಹಣ ಇದೆಯೋ, ಯಾವ ಮಾತಿಗೆ ಮನಸ್ಸು ಕರಗಿತೋ, ಅದು ಎದುರಿಗೆ ಕೂತವರಿಗೆ ಮಾತ್ರ ತಿಳಿಯುತ್ತದೆ.

ನಮ್ಮಲ್ಲಿ ಒಂದು ಗಾದೆ ಇದೆ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ. ಒಂದು ಕಾಲಕ್ಕೆ, ಒಂದೆರಡು ಎಕರೆ ಹೊಲಕ್ಕೆ ಇದು ಸರಿಯಿದ್ದಿರಬಹುದು. ತಾನೊಬ್ಬನೇ ಎಲ್ಲ ಮಾಡಲು ಸಾಧ್ಯವಿದ್ದಾಗ ಸರಿ. ಎರಡು ಅಂಗಡಿ, ಒಂದು ಗೋದಾಮು, ಇಪ್ಪತ್ತು ಜನ ಕೆಲಸದವರು ಇರುವಾಗ ಈ ಗಾದೆಯನ್ನು ನಂಬಿ ನಡೆದರೆ ವ್ಯಾಪಾರ ಮಾಲೀಕರ ಒಂದು ತಲೆಯಷ್ಟೇ ದೊಡ್ಡದಾಗಿ ಉಳಿಯುತ್ತದೆ. ಮಗನನ್ನೂ ಈ ಗಾದೆ ಬಿಡಲಿಲ್ಲ, ಗಮನಿಸಿ. ಓದಿ ಬಂದ ಮಗ, ಮಗಳು, ಸೊಸೆ ಅಂಗಡಿಯಲ್ಲಿ ಕೂತಿರುತ್ತಾರೆ. ತೀರ್ಮಾನ ಮಾತ್ರ ಅಪ್ಪನ ಫೋನಿನಲ್ಲಿರುತ್ತದೆ. ಅಪ್ಪ ಕಾಯಿಲೆ ಬಿದ್ದ ದಿನ ಇಡೀ ವ್ಯವಹಾರ ಮಲಗುತ್ತದೆ.

ಹಾಗಾದರೆ ಮೊಬೈಲನ್ನು ಎಸೆಯಬೇಕೇ? ಬೇಡ. ಫೋನು ಈ ಕಥೆಯ ಖಳನಾಯಕ ಅಲ್ಲ. ಒಳ್ಳೆಯ ಸಂಪರ್ಕ ಇದ್ದೂ ತೀರ್ಮಾನವನ್ನು ಕೆಳಗೇ ಬಿಟ್ಟವರು ಇದ್ದಾರೆ. ಅಂಥವರ ಒಂದು ಉದಾಹರಣೆ ಹೇಳುತ್ತೇನೆ. ಅದು ನಮ್ಮ ಗಿರಣಿ ಊರಿಗೆ ಹತ್ತಿರದ ಕಥೆ.

ಜಪಾನಿನಲ್ಲಿ ಸಾಕಿಚಿ ಟೊಯೊಡಾ ಎಂಬವರಿದ್ದರು. 1924ರಲ್ಲಿ ಅವರ ಒಂದು ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಅದರ ವಿಶೇಷ ಏನೆಂದರೆ, ಒಂದು ನೂಲು ಕಡಿದರೂ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮುಂದಕ್ಕೆ ಹೋಗುತ್ತಿರಲಿಲ್ಲ. ಅವರ ಕುಟುಂಬ ಮುಂದೆ ಕಾರಿನ ಕಾರ್ಖಾನೆ ಕಟ್ಟಿತು. ಅದೇ ಟೊಯೋಟಾ. ಮಗ್ಗದ ಆ ಬುದ್ಧಿಯನ್ನು ಅವರು ಮನುಷ್ಯರಿಗೆ ಕೊಟ್ಟರು. ಜೋಡಣೆಯ ಸಾಲಿನಲ್ಲಿ ಕೆಲಸ ಮಾಡುವ ಸಾಮಾನ್ಯ ಕೆಲಸಗಾರನ ಕೈಗೆ ಎಟುಕುವಂತೆ ಒಂದು ಹಗ್ಗ ಇರುತ್ತದೆ. ಏನೋ ಸರಿಯಿಲ್ಲ ಎನಿಸಿದರೆ ಅವನು ಎಳೆಯುತ್ತಾನೆ. ದೀಪ ಹತ್ತುತ್ತದೆ, ಗಂಟೆ ಮೊಳಗುತ್ತದೆ. ತಂಡದ ಮುಖ್ಯಸ್ಥ ಅವನಿದ್ದಲ್ಲಿಗೆ ಓಡಿ ಬರುತ್ತಾನೆ. ಗೊತ್ತು ಮಾಡಿದ ಹೊತ್ತಿನಲ್ಲಿ ಸರಿಯಾಗದಿದ್ದರೆ ಸಾಲು ನಿಲ್ಲುತ್ತದೆ. ಕೋಟಿಗಟ್ಟಲೆ ಬೆಲೆಯ ಕಾರ್ಖಾನೆಯನ್ನು ನಿಲ್ಲಿಸುವ ಅಧಿಕಾರ ಅಲ್ಲಿ ಒಬ್ಬ ಕೆಲಸಗಾರನ ಕೈಯಲ್ಲಿದೆ. ಇದು ಟೊಯೋಟಾದ ಕೆಲಸದ ಪದ್ಧತಿ. ಆ ಟೊಯೋಟಾ ಕಿರ್ಲೋಸ್ಕರ್ ಸಮೂಹದ ಜೊತೆಗೂಡಿ ಬೆಂಗಳೂರಿನ ಹತ್ತಿರ ಬಿಡದಿಗೆ ಬಂತು. 1999ರ ಕೊನೆಯಲ್ಲಿ ಅಲ್ಲಿ ವಾಹನ ತಯಾರಿಕೆ ಶುರುವಾಯಿತು. ಹರಿಹರದವರಿಗೆ ಕಿರ್ಲೋಸ್ಕರ್ ಹೆಸರು ಹೊಸದಲ್ಲ.

ಈ ಕಥೆಯಲ್ಲಿ ನಾವು ಹಿಡಿದಿಟ್ಟುಕೊಳ್ಳಬೇಕಾದದ್ದು ಎರಡು. ತೊಂದರೆ ಕಂಡವನಿಗೇ ಅಧಿಕಾರ ಇದೆ. ಅವನನ್ನು ಒಂಟಿಯಾಗಿ ಬಿಟ್ಟಿಲ್ಲ, ಮೇಲಿನವನು ನೆರವಿಗೆ ಬರುತ್ತಾನೆ. ಅಧಿಕಾರ ಮತ್ತು ನೆರವು, ಎರಡೂ ಒಟ್ಟಿಗೆ.

ಮತ್ತೆ ಒಮ್ಮೆ ನೆನಪಿಸಿಕೊಳ್ಳೋಣ. ವಿಷಯ ಸ್ಥಳದಲ್ಲಿದೆ, ಆದ್ದರಿಂದ ತೀರ್ಮಾನವೂ ಸ್ಥಳದಲ್ಲಿರಬೇಕು. ಫೋನು ಅಡ್ಡಿಯಲ್ಲ. ಅಭ್ಯಾಸವೇ ಅಡ್ಡಿ. ಇನ್ನು ಈ ಅಭ್ಯಾಸ ಬದಲಿಸುವ ದಾರಿ. ನಾಲ್ಕು ಹೆಜ್ಜೆ ಹೇಳುತ್ತೇನೆ.

ಮೊದಲ ಹೆಜ್ಜೆ, ಎಲ್ಲೆ ಗೊತ್ತು ಮಾಡುವುದು.

ಬ್ಯಾಂಕುಗಳನ್ನು ನೋಡಿ. ಶಾಖೆಯ ಮ್ಯಾನೇಜರಿಗೆ ಇಷ್ಟು ಮೊತ್ತದವರೆಗೆ ಸಾಲ ಮಂಜೂರು ಮಾಡುವ ಅಧಿಕಾರ ಎಂದು ಬರೆದಿಟ್ಟಿರುತ್ತಾರೆ. ಆ ಮಿತಿಯೊಳಗೆ ಅವರೇ ಸಹಿ ಹಾಕುತ್ತಾರೆ. ಮಿತಿ ದಾಟಿದರೆ ಕಡತ ಮೇಲಿನ ಕಚೇರಿಗೆ ಹೋಗುತ್ತದೆ. ನಮ್ಮ ಅಂಗಡಿ, ಮಿಲ್ಲು, ಆಸ್ಪತ್ರೆಗಳಲ್ಲಿ ಇಂಥದ್ದು ಬರೆದಿಟ್ಟಿದೆಯೇ? ಬಹುತೇಕ ಇರುವುದಿಲ್ಲ. ಎಲ್ಲ ಬಾಯಿ ಮಾತು. ಒಂದು ದಿನ ಐನೂರು ಬಿಟ್ಟರೆ ಶಹಬ್ಬಾಸ್, ಮರುದಿನ ನೂರು ಬಿಟ್ಟರೆ ಬೈಗುಳ. ಹೀಗಿದ್ದಾಗ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಅವರ ಜಾಗದಲ್ಲಿ ನಾವಿದ್ದರೂ ಮಾಡುತ್ತೇವೆ.

ಆದ್ದರಿಂದ ಒಂದು ಹಾಳೆ ತೆಗೆದುಕೊಳ್ಳಿ. ಮಾಲೀಕರು, ಮ್ಯಾನೇಜರ್ ಇಬ್ಬರೂ ಕೂತು ಬರೆಯಿರಿ. ಎಷ್ಟು ರೂಪಾಯಿವರೆಗೆ ರಿಯಾಯಿತಿ? ಎಷ್ಟರವರೆಗೆ ರಿಪೇರಿ ಖರ್ಚು? ಯಾರಿಗೆ ಉದ್ರಿ? ಕೆಲಸದವರಿಗೆ ರಜೆ ಕೊಡುವವರು ಯಾರು? ಸರಕು ವಾಪಸು ಬಂದರೆ ಏನು? ಅಮೆಜಾನ್ ಕಂಪನಿಯ ಸ್ಥಾಪಕ ಜೆಫ್ ಬೆಜೋಸ್ ತಮ್ಮ ಷೇರುದಾರರಿಗೆ ಬರೆದ ಪತ್ರದಲ್ಲಿ ತೀರ್ಮಾನಗಳನ್ನು ಎರಡು ಬಗೆ ಮಾಡಿದ್ದಾರೆ. ಮಾಡಿದ ಮೇಲೆ ಹಿಂದಕ್ಕೆ ಬರಲಾಗದವು ಒಂದು. ಸರಿಹೋಗದಿದ್ದರೆ ಹಿಂದಕ್ಕೆ ಬರಬಹುದಾದವು ಇನ್ನೊಂದು. ಹಿಂದಕ್ಕೆ ಬರಲಾಗದ್ದನ್ನು ನಿಧಾನವಾಗಿ, ಹತ್ತು ಜನರನ್ನು ಕೇಳಿ ಮಾಡಬೇಕು. ಹಿಂದಕ್ಕೆ ಬರಬಹುದಾದ್ದನ್ನು ಸ್ಥಳದಲ್ಲಿರುವವರು ಬೇಗ ಮಾಡಬೇಕು. ನಿಮ್ಮ ಹಾಳೆಗೆ ಈ ಅಳತೆ ಸಾಕು. ಹೊಸ ಯಂತ್ರ ಕೊಳ್ಳುವುದು ಮಾಲೀಕರ ಕಡೆ ಇರಲಿ. ಅಂಗಡಿಯ ಮುಂಭಾಗದಲ್ಲಿ ಯಾವ ಸರಕು ಜೋಡಿಸಬೇಕು ಎಂಬುದು ಮ್ಯಾನೇಜರ್ ಕಡೆ ಇರಲಿ.

ಇಲ್ಲಿ ಇನ್ನೊಂದು ಮಾತು. ಕೆಲವು ತೀರ್ಮಾನಗಳನ್ನು ಕಾನೂನು ಆಗಲೇ ಮಾಡಿಬಿಟ್ಟಿದೆ. ದಾವಣಗೆರೆ ಆಸ್ಪತ್ರೆಗಳ ಊರು, ಅದಕ್ಕೇ ಹೇಳುತ್ತೇನೆ. ಅಪಘಾತದಲ್ಲಿ ಗಾಯಗೊಂಡವರು ಬಾಗಿಲಿಗೆ ಬಂದರೆ ಮೊದಲು ಚಿಕಿತ್ಸೆ, ಪೊಲೀಸ್ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಅದು ಒಂದೇ. ರಾತ್ರಿ ಪಾಳಿಯ ನರ್ಸಿಂಗ್ ಮೇಲ್ವಿಚಾರಕಿ ಇಂಥ ಹೊತ್ತಿನಲ್ಲಿ ಮಾಲೀಕರು ಫೋನು ಎತ್ತುವವರೆಗೆ ಕಾಯಬೇಕಿಲ್ಲ. ಅವರಿಗೆ ಇದು ಗೊತ್ತಿರಬೇಕು. ಗೊತ್ತಿರುವಂತೆ ಮಾಡುವುದು ಮಾಲೀಕರ ಕೆಲಸ.

ಎಲ್ಲೆ ಗೊತ್ತಾಯಿತು. ಈಗ ಎರಡನೆಯ ಹೆಜ್ಜೆ. ಕೇಳುವುದನ್ನು ಕಡಿಮೆ ಮಾಡಿ, ತಿಳಿಸುವುದನ್ನು ಹೆಚ್ಚು ಮಾಡುವುದು.

ದಾವಣಗೆರೆ, ಹರಿಹರದ ನಡುವೆ ರೈಲು ಹಳಿಯ ಪಕ್ಕ ನಡೆದು ಹೋಗುವ ಕೀಮನ್‌ಗಳನ್ನು ನೀವು ನೋಡಿರಬಹುದು. ಹೆಗಲ ಮೇಲೆ ಉಪಕರಣ, ಕೈಯಲ್ಲಿ ಕೆಂಪು ಬಾವುಟ. ರೈಲ್ವೆಯ ದರ್ಜೆಗಳಲ್ಲಿ ಅವರದು ಕೆಳಗಿನದು. ಹಳಿ ಮುರಿದಿರುವುದು ಅವರ ಕಣ್ಣಿಗೆ ಬಿದ್ದರೆ ಏನು ಮಾಡುತ್ತಾರೆ? ರೈಲು ನಿಲ್ಲಿಸಲೇ ಎಂದು ಯಾರನ್ನೂ ಕೇಳುವುದಿಲ್ಲ. ಹಳಿಯ ಮೇಲೆ ಸದ್ದು ಮಾಡುವ ಎಚ್ಚರಿಕೆಯ ಮದ್ದು ಇಡುತ್ತಾರೆ. ಕೆಂಪು ಬಾವುಟ ಹಿಡಿದು ರೈಲು ನಿಲ್ಲಿಸುತ್ತಾರೆ. ಸ್ಟೇಷನ್ನಿಗೆ ತಿಳಿಸುತ್ತಾರೆ. ಸಾವಿರಾರು ಜನ ಕೂತ ರೈಲನ್ನು ನಿಲ್ಲಿಸುವ ಹಕ್ಕನ್ನು ರೈಲ್ವೆಯ ನಿಯಮವೇ ಅವರಿಗೆ ಕೊಟ್ಟಿದೆ. ಅಲ್ಲಿ ಫೋನು ಇರುವುದು ಅಪ್ಪಣೆ ಪಡೆಯಲು ಅಲ್ಲ, ಸುದ್ದಿ ಮುಟ್ಟಿಸಲು.

ನಾವೂ ಹಾಗೆ ಬಳಸೋಣ. ಎಲ್ಲೆಯೊಳಗಿನ ವಿಷಯವಾದರೆ ಮ್ಯಾನೇಜರ್ ಮಾಡಲಿ, ಸಂಜೆ ಒಂದು ಸಂದೇಶದಲ್ಲಿ ತಿಳಿಸಲಿ. ಎಲ್ಲೆ ದಾಟಿದ ವಿಷಯವಾದರೆ ಕರೆ ಮಾಡಲಿ. ಆದರೆ ಬರಿಗೈಯಲ್ಲಿ ಕರೆ ಮಾಡಬಾರದು. "ಅಣ್ಣಾ, ಏನ್ ಮಾಡ್ಲಿ?" ಎಂದು ಕೇಳುವ ಬದಲು, "ಪರಿಸ್ಥಿತಿ ಹೀಗಿದೆ, ದಾರಿ ಎರಡಿವೆ, ನಾನು ಈ ದಾರಿ ಹಿಡಿಯಬೇಕು ಅಂತಿದ್ದೀನಿ, ನಿಮ್ಮ ಅಭಿಪ್ರಾಯ ಏನು?" ಎನ್ನಬೇಕು. ಹೀಗೆ ಹೇಳಬೇಕೆಂದರೆ ಮೊದಲು ಯೋಚನೆ ಮಾಡಲೇಬೇಕು. ಎಷ್ಟೋ ಸಲ ಆ ಯೋಚನೆಯಲ್ಲೇ ಉತ್ತರ ಹೊಳೆದು, ಕರೆಯೇ ಬೇಡವಾಗುತ್ತದೆ.

ಮಾಲೀಕರಿಗೂ ಇಲ್ಲಿ ಕೆಲಸವಿದೆ. ಕರೆ ಬಂದ ಕೂಡಲೇ ಉತ್ತರ ಕೊಡಬೇಡಿ. "ನಿನಗೆ ಏನು ಸರಿ ಅನ್ಸುತ್ತೆ?" ಎಂದು ಕೇಳಿ, ಸುಮ್ಮನಿರಿ. ಆ ಮೌನ ಕಷ್ಟ. ನಾಲಿಗೆ ತುದಿಯಲ್ಲಿ ಉತ್ತರ ಇದ್ದೂ ತಡೆದುಕೊಳ್ಳಬೇಕು. ಜೊತೆಗೆ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಿ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಉಳಿದ ಹೊತ್ತಿನಲ್ಲಿ ಬೆಂಕಿ, ಅಪಘಾತ, ಕಳವು ಇಂಥದಕ್ಕೆ ಮಾತ್ರ ಕರೆ. ಮೊದಲ ವಾರ ಇಬ್ಬರಿಗೂ ಕಸಿವಿಸಿ ಆಗುತ್ತದೆ. ಬಿಡಬೇಡಿ.

ಎರಡು ಹೆಜ್ಜೆ ಆಯಿತು. ಎಲ್ಲೆ ಬರೆದೆವು, ತಿಳಿಸುವ ಅಭ್ಯಾಸ ಮಾಡಿಕೊಂಡೆವು. ಈಗ ಮೂರನೆಯ ಹೆಜ್ಜೆ. ಎಲ್ಲರೂ ಹೆದರುವ ಹೆಜ್ಜೆ ಇದು. ತಪ್ಪಾದರೆ?

ತಪ್ಪು ಆಗಿಯೇ ಆಗುತ್ತದೆ. ಆಗ ಮೇಲಿನವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1979ರ ಆಗಸ್ಟ್ 10. ಶ್ರೀಹರಿಕೋಟದಲ್ಲಿ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಉಡಾವಣೆ. ಅದರ ಹೊಣೆ ಹೊತ್ತವರು ಅಬ್ದುಲ್ ಕಲಾಂ. ಇನ್ನು ಕೆಲವೇ ನಿಮಿಷ ಇರುವಾಗ ಕಂಪ್ಯೂಟರ್ ಎಚ್ಚರಿಕೆ ಕೊಟ್ಟು ತಡೆಯಿತು. ಕಲಾಂ ಜೊತೆಗಿದ್ದ ತಜ್ಞರನ್ನು ವಿಚಾರಿಸಿದರು. ಮುಂದುವರಿಯೋಣ ಎಂದು ತೀರ್ಮಾನಿಸಿದರು. ರಾಕೆಟ್ ಮೇಲೇರಿ, ಐದಾರು ನಿಮಿಷದಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಪತ್ರಕರ್ತರ ಮುಂದೆ ಧವನ್ ತಾವೇ ಕೂತರು. ಸೋಲಿನ ಹೊಣೆಯನ್ನು ತಾವು ಹೊತ್ತುಕೊಂಡರು. ಮುಂದಿನ ವರ್ಷ ಈ ತಂಡ ಗೆಲ್ಲುತ್ತದೆ ಎಂದರು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಧವನ್ ಪತ್ರಕರ್ತರ ಮುಂದೆ ಕಲಾಂ ಅವರನ್ನು ಕಳಿಸಿದರು.

ಈ ಪ್ರಸಂಗವನ್ನು ಕಲಾಂ ಅವರೇ ಎಷ್ಟೋ ಕಡೆ ಹೇಳಿದ್ದಾರೆ. ಹೊಣೆ ಹೊತ್ತ ಧವನ್ ಅವರ ದೊಡ್ಡತನವನ್ನು ನಾವೆಲ್ಲ ಹೊಗಳುತ್ತೇವೆ. ಅದರ ಜೊತೆಗೆ ಇನ್ನೊಂದನ್ನೂ ಗಮನಿಸಿ. ಸೋತ ಮೇಲೆ ಧವನ್ ಆ ಹೊಣೆಯನ್ನು ಕಲಾಂ ಅವರ ಕೈಯಿಂದ ಕಿತ್ತುಕೊಳ್ಳಲಿಲ್ಲ. ತಪ್ಪು ಎಲ್ಲಿ ಆಯಿತೆಂದು ತನಿಖೆ ಆಯಿತು. ಅದರಿಂದ ಪಾಠ ಕಲಿತದ್ದಾಯಿತು. ಮುಂದಿನ ಉಡಾವಣೆಯ ಹೊಣೆಯೂ ಕಲಾಂ ಅವರದೇ ಆಯಿತು.

ನಮ್ಮಲ್ಲಿ ಏನಾಗುತ್ತದೆ? ಮ್ಯಾನೇಜರ್ ಒಮ್ಮೆ ಎಡವಿದರೆ ಗಿರಾಕಿಯ ಎದುರೇ ಬೈಗುಳ. ಮರುದಿನದಿಂದ ಎಲ್ಲಕ್ಕೂ ಫೋನು. ಒಂದು ಬೈಗುಳ ನೂರು ಕರೆ ಹುಟ್ಟಿಸುತ್ತದೆ. ಮೋಸ ಬೇರೆ, ತಪ್ಪು ಬೇರೆ. ಮೋಸವನ್ನು ಸಹಿಸಬೇಡಿ. ಬಿಲ್ಲು, ದಾಸ್ತಾನು, ನಗದು ಲೆಕ್ಕ ವಾರಕ್ಕೊಮ್ಮೆ ಬಿಗಿಯಾಗಿ ನೋಡಿ. ಆದರೆ ಎಲ್ಲೆಯೊಳಗೆ, ಒಳ್ಳೆಯ ಮನಸ್ಸಿನಿಂದ, ಯೋಚಿಸಿ ಮಾಡಿದ ತೀರ್ಮಾನ ಕೈಕೊಟ್ಟರೆ ಬಾಗಿಲು ಹಾಕಿ ಇಬ್ಬರೇ ಕೂತು ಮಾತನಾಡಿ. ಎಲ್ಲರ ಮುಂದೆ ಅವರ ಪರ ನಿಲ್ಲಿ. ಮ್ಯಾನೇಜರ್ ಕೊಟ್ಟ ಮಾತನ್ನು ಗಿರಾಕಿಯ ಎದುರು ತಿರುಗಿಸಬೇಡಿ. ನೀವು ಒಮ್ಮೆ ತಿರುಗಿಸಿದರೆ ಆಮೇಲೆ ಯಾವ ಗಿರಾಕಿಯೂ ಅವರ ಮಾತು ನಂಬುವುದಿಲ್ಲ. ನೇರವಾಗಿ ನಿಮಗೇ ಫೋನ್ ಮಾಡುತ್ತಾರೆ.

ಎಲ್ಲೆ, ತಿಳಿಸುವ ಅಭ್ಯಾಸ, ತಪ್ಪಿಗೆ ಆಸರೆ. ಇವು ಮೂರು ಆದವು. ನಾಲ್ಕನೆಯದು ಬರೆದಿಡುವುದು. ಇದು ಹೆಚ್ಚಾಗಿ ಮ್ಯಾನೇಜರುಗಳಿಗೆ ಹೇಳುವ ಮಾತು.

ಆಡಳಿತ ಶಾಸ್ತ್ರದ ಹಿರಿಯ ಚಿಂತಕ ಪೀಟರ್ ಡ್ರಕರ್ ಒಂದು ಸರಳ ಉಪಾಯ ಹೇಳಿದ್ದಾರೆ. ಮುಖ್ಯವಾದ ತೀರ್ಮಾನ ಮಾಡಿದಾಗಲೆಲ್ಲ ಅದರಿಂದ ಏನಾಗುತ್ತದೆಂದು ನಿರೀಕ್ಷಿಸುತ್ತೀರಿ ಎಂಬುದನ್ನು ಬರೆದಿಡಿ. ಒಂಬತ್ತು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ನಿಜವಾಗಿ ಆದದ್ದರ ಜೊತೆ ಹೋಲಿಸಿ ನೋಡಿ. ಅಂಗಡಿಯ ವ್ಯವಹಾರಕ್ಕೆ ಅಷ್ಟು ದಿನ ಬೇಡ. ಒಂದು ತಿಂಗಳು ಸಾಕು. ಒಂದು ನೋಟ್‌ಬುಕ್ ಇಡಿ. ಬೆಲೆ ನಲವತ್ತೋ ಐವತ್ತೋ ರೂಪಾಯಿ. ತಾರೀಖು ಹಾಕಿ. ಏನು ತೀರ್ಮಾನ ಮಾಡಿದಿರಿ, ಏಕೆ ಮಾಡಿದಿರಿ, ಏನಾಗಬಹುದು ಎಂದುಕೊಂಡಿರಿ ಎಂದು ಮೂರು ಸಾಲು ಬರೆಯಿರಿ. ತಿಂಗಳ ಕೊನೆಗೆ ಏನಾಯಿತು ಎಂದು ನಾಲ್ಕನೆಯ ಸಾಲು ಬರೆಯಿರಿ. ಆರು ತಿಂಗಳಲ್ಲಿ ನಿಮಗೆ ನಿಮ್ಮ ಪರಿಚಯ ಆಗುತ್ತದೆ. ಯಾವ ವಿಷಯದಲ್ಲಿ ನಿಮ್ಮ ಅಂದಾಜು ನಿಜವಾಗುತ್ತದೆ, ಯಾವುದರಲ್ಲಿ ತಪ್ಪುತ್ತದೆ ಎಂದು ತಿಳಿಯುತ್ತದೆ. ಸಂಬಳ ಹೆಚ್ಚಿಸಿ ಎಂದು ಕೇಳಲು ಹೋಗುವಾಗಲೂ ಆ ಪುಸ್ತಕ ನಿಮ್ಮ ಪರ ಮಾತನಾಡುತ್ತದೆ. ಮಾಲೀಕರೂ ಅದನ್ನು ನೋಡಿ ಎಲ್ಲೆಯನ್ನು ಹಿಗ್ಗಿಸಬಹುದು. ಎರಡು ಸಾವಿರದ ಮಿತಿ ಐದು ಸಾವಿರವಾಗಬಹುದು, ಐದು ಹತ್ತಾಗಬಹುದು. ನಂಬಿಕೆ ಒಂದೇ ದಿನ ಬರುವುದಿಲ್ಲ. ಲೆಕ್ಕ ಇಟ್ಟರೆ ಬೇಗ ಬರುತ್ತದೆ.

ಕೇಳುಗ ಬಂಧುಗಳೇ, ಹೇಳಿದ್ದನ್ನೆಲ್ಲ ಕೊನೆಗೊಮ್ಮೆ ಕೂಡಿಸುತ್ತೇನೆ. ಎಲ್ಲೆಯನ್ನು ಬರೆದಿಡಿ. ಎಲ್ಲೆಯೊಳಗಿನದನ್ನು ಮಾಡಿ, ಆಮೇಲೆ ತಿಳಿಸಿ. ಒಳ್ಳೆಯ ಮನಸ್ಸಿನ ತಪ್ಪಿಗೆ ಆಸರೆಯಾಗಿ. ತೀರ್ಮಾನಗಳ ಪುಸ್ತಕ ಇಡಿ. ಇದಕ್ಕೆ ಬಂಡವಾಳ ಬೇಡ. ಹೊಸ ಯಂತ್ರ ಬೇಡ. ಒಂದು ಹಾಳೆ, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಸಾಕು.

ನಮ್ಮ ಎರಡೂ ಊರುಗಳು ದೊಡ್ಡ ಉದ್ಯಮಗಳ ಏಳು ಬೀಳು ಕಂಡಿವೆ. ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದ ಲೇತ್ ಕಾರ್ಖಾನೆಯೂ ಬಾಗಿಲು ಹಾಕಿತು. ಅವುಗಳ ಜಾಗದಲ್ಲಿ ಈಗ ಸಾವಿರಾರು ಸಣ್ಣ, ಮಧ್ಯಮ ವ್ಯವಹಾರಗಳಿವೆ. ಮಕ್ಕಳ ಅನ್ನ ಅವುಗಳಲ್ಲಿದೆ. ಅವು ಒಬ್ಬರ ಆಯುಸ್ಸಿಗೆ ಮುಗಿಯಬಾರದು. ಮುಂದಿನ ತಲೆಮಾರಿಗೆ ದಾಟಬೇಕು. ದಾಟಬೇಕಾದರೆ ತೀರ್ಮಾನ ಮಾಡಬಲ್ಲ ಜನ ಪ್ರತಿಯೊಂದು ಕೌಂಟರಿನಲ್ಲಿ, ಪ್ರತಿಯೊಂದು ಪಾಳಿಯಲ್ಲಿ ಇರಬೇಕು.

ಮಾಲೀಕರಲ್ಲಿ ನನ್ನ ಕೋರಿಕೆ ಇದು. ಇದೇ ವಾರ ನಿಮ್ಮ ಮ್ಯಾನೇಜರ್ ಜೊತೆ ಕೂತು ಆ ಹಾಳೆ ಬರೆಯಿರಿ, ಬರೆದದ್ದಕ್ಕೆ ಕಟ್ಟುಬೀಳಿ. ಮ್ಯಾನೇಜರುಗಳಲ್ಲಿ ನನ್ನ ಕೋರಿಕೆ ಇದು. ನಾಳೆ ಬೆಳಿಗ್ಗೆ ಮೊದಲ ಕರೆ ಮಾಡುವ ಮುನ್ನ, ನಿಮ್ಮ ಉತ್ತರ ಏನೆಂದು ನಿಮ್ಮನ್ನೇ ಮೊದಲು ಕೇಳಿಕೊಳ್ಳಿ. ಉತ್ತರ ನಿಮ್ಮ ಎಲ್ಲೆಯೊಳಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ.